ದೊಡ್ಮನೆ ಹೆಗಡೆಯವರು ಮತ್ತು ಕದ್ದು ಕೇಳಿದ ಫೋನು

1988ರ ಆಗಸ್ಟ್ 10. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. ಹೆಗಡೆಯವರ ರಾಜೀನಾಮೆ ಎಂದರೆ ಜನರಿಗೆ ಆಗ ತೀರಾ ಹೊಸದೇನೂ ಅಲ್ಲ. 1986ರ ಫೆಬ್ರವರಿಯಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆ ವಿಷಯದಲ್ಲಿ ಹೈಕೋರ್ಟು ಛೀಮಾರಿ ಹಾಕಿದಾಗಲೂ ಕೊಟ್ಟಿದ್ದರು, ಮೂರೇ ದಿನಕ್ಕೆ ವಾಪಸು ತೆಗೆದುಕೊಂಡಿದ್ದರು. ಈ ಸಲ ವಾಪಸು ತೆಗೆದುಕೊಳ್ಳಲಿಲ್ಲ. ಆಗಸ್ಟ್ 13ಕ್ಕೆ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ ಆದರು. ಸಿದ್ದಾಪುರ ತಾಲೂಕಿನ ದೊಡ್ಮನೆಯ ಹೆಗಡೆಯವರು ಆ ಕುರ್ಚಿಗೆ ಮತ್ತೆ ಬರಲೇ ಇಲ್ಲ.

ಅಂದು ಕುರ್ಚಿ ಕಳೆದ ಆಪಾದನೆ ಹಣದ್ದಲ್ಲ, ಟೆಲಿಫೋನಿನದ್ದು! ರಾಜಕಾರಣಿಗಳು, ಪತ್ರಕರ್ತರು, ಕೊನೆಗೆ ತಮ್ಮದೇ ಪಕ್ಷದ ಮಂದಿ, ಇವರು ಫೋನಿನಲ್ಲಿ ಆಡಿದ ಮಾತನ್ನು ರಾಜ್ಯದ ಪೊಲೀಸರು ಕದ್ದು ಕೇಳಿದ್ದಾರೆ ಎಂಬುದು. ಅದಕ್ಕೆ ಹದಿಮೂರು ವರ್ಷದ ಹಿಂದೆ ಇದೇ ಮನುಷ್ಯ, ಪ್ರಜೆಗೆ ಮಾತಾಡುವ ಹಕ್ಕಿಲ್ಲ ಎಂದ ಸರಕಾರದ ಕಾಲದಲ್ಲಿ ಜೈಲಿನಲ್ಲಿ ಕೂತವರು. ಇವೆರಡೂ ಒಬ್ಬನದೇ ಜೀವನದಲ್ಲಿ ಹೇಗೆ ಬಂದವು? ಈ ಕಡೆ ಹೆಗಡೆಯವರ ಹೆಸರು ಹೇಳುವವರು ಬಹಳ. ಈ ಗಂಟನ್ನು ಬಿಚ್ಚುವವರು ಕಡಿಮೆ.

ಅಂಗಳದಲ್ಲಿ ಉಪವಾಸ

ಹೆಗಡೆಯವರು ಹುಟ್ಟಿದ್ದು 1926ರ ಆಗಸ್ಟ್ 29ಕ್ಕೆ. ಆಗ ಶಿರಸಿ, ಸಿದ್ದಾಪುರ, ಯಲ್ಲಾಪುರ ಎಲ್ಲ ಮುಂಬಯಿ ಪ್ರಾಂತ್ಯದಲ್ಲಿದ್ದವು. ಹುಡುಗನಿಗೆ ಐದಾರು ವರ್ಷ ಆಗುವ ಹೊತ್ತಿಗೆ ಸಿದ್ದಾಪುರ, ಅಂಕೋಲೆಯಲ್ಲಿ ಕರನಿರಾಕರಣೆ ಜೋರಾಯಿತು. ತೀರ್ವೆ ಕೊಡುವುದಿಲ್ಲ ಎಂದವರ ಮನೆಗೆ ಪೊಲೀಸರು ಬಂದರು. ತೋಟ, ಗದ್ದೆ, ದನ, ಪಾತ್ರೆ, ಸಿಕ್ಕಿದ್ದೆಲ್ಲ ಜಪ್ತಿ. ಜಪ್ತಿ ಮಾಡಿದ್ದು ಲಿಲಾವಿಗೆ.

ಲಿಲಾವು ನಡೆಯಬೇಕಾದರೆ ಕೊಳ್ಳುವವರು ಬೇಕಲ್ಲ? ಅಲ್ಲೇ ಇತ್ತು ಫಜೀತಿ. ಕೊಂಡವರು ಹೊರಗಿನವರೇ ಆಗಿರಬೇಕೆಂದಿಲ್ಲ. ಊರವರೂ ಇದ್ದರು, ನೆಂಟರೂ ಇದ್ದರು. 1932ರಲ್ಲಿ ಮಾವಿನಗುಂಡಿ ಕಡೆ ಹೆಂಗಸರು ಒಂದು ಕೆಲಸ ಮಾಡಿದರು. ಸರಕಾರಿ ಕಚೇರಿ ಎದುರು ಹೋಗಿ ಕೂಗಲಿಲ್ಲ. ಲಿಲಾವಿನಲ್ಲಿ ಮಾಲು ಹಿಡಿದವನ ಮನೆ ಬಾಗಿಲಿಗೇ ಹೋಗಿ ಉಪವಾಸ ಕೂತರು. ಮಳೆಗಾಲ ಬಂದರೆ ತಿಂಗಳುಗಟ್ಟಲೆ ಹೊರಗೆ ಕಾಲಿಡಲಾಗದ ಸೀಮೆ ಇದು. ಅಂಥಲ್ಲಿ ಅಡುಗೆಮನೆ ದಾಟಿ ಅಭ್ಯಾಸವಿಲ್ಲದ ಹೆಂಗಸರು ಪರರ ಅಂಗಳದಲ್ಲಿ ಅನ್ನ ನೀರು ಬಿಟ್ಟು ಕೂತರೆ ಒಳಗಿದ್ದವನಿಗೆ ಊಟ ಗಂಟಲಲ್ಲಿ ಇಳಿದೀತೇ? ಈ ಹೋರಾಟದ ಮುಂದಾಳುಗಳಲ್ಲಿ ದೊಡ್ಮನೆ ಮನೆತನದ ಮಹಾದೇವಿತಾಯಿ ಹೆಸರು ಮೊದಲ ಸಾಲಿನಲ್ಲಿ ಬರುತ್ತದೆ. ಜೋಗಕ್ಕೆ ಹೋಗುವ ಬಸ್ಸು ದಿನಾ ಮಾವಿನಗುಂಡಿ ಮೇಲೇ ಹೋಗುತ್ತದೆ. ಕಿಟಕಿ ಪಕ್ಕದ ಸೀಟಿನವರು ಜಲಪಾತ ಎಷ್ಟೊತ್ತಿಗೆ ಬಂದೀತೆಂದು ನೋಡುತ್ತಿರುತ್ತಾರೆ. ಇರಲಿ.

1934ರಲ್ಲಿ ಗಾಂಧೀಜಿ ಶಿರಸಿ, ಸಿದ್ದಾಪುರಕ್ಕೆ ಬಂದು ಹೋದರು. 1937ರ ನಂತರ ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಹೋದ ಜಮೀನು ವಾಪಸು ಕೊಡಿಸುವ ಕಾನೂನು ಆಯಿತು. ರಾಮಕೃಷ್ಣ ಹೆಗಡೆ ಬೆಳೆದದ್ದು ಈ ಗಾಳಿಯಲ್ಲಿ. ಬೇರೆ ಮನೆಗಳಲ್ಲಿ ಜೈಲು ಎಂದರೆ ಮಾನ ಹೋಗುವ ಮಾತು. ದೊಡ್ಮನೆಯಂಥ ಮನೆಗಳಲ್ಲಿ ಅದು ಹೋಗಿ ಬರುವ ಜಾಗ. ಓದಲು ಕಾಶಿ ವಿದ್ಯಾಪೀಠಕ್ಕೆ ಹೋದರು, 1942ರ ಚಲೇಜಾವ್ ಚಳವಳಿಯಲ್ಲಿ ಸೇರಿದರು, ಎರಡು ಸಲ ಜೈಲು ಕಂಡರು. ಆಮೇಲೆ ಲಖನೌದಲ್ಲಿ ಕಾನೂನು ಓದಿದರು.

ಮುಂದಿನ ಇಪ್ಪತ್ತು ವರ್ಷ ಬೇಗ ಹೇಳಬಹುದು. 1954ರಿಂದ 57ರವರೆಗೆ ಜಿಲ್ಲಾ ಕಾಂಗ್ರೆಸ್ ಅಧ್ಯಕ್ಷ. 1957ರಲ್ಲಿ ವಿಧಾನಸಭೆಗೆ. ಉಪಮಂತ್ರಿ, ಆಮೇಲೆ ಮಂತ್ರಿ, ಹಣಕಾಸು ಖಾತೆ. ನಿಜಲಿಂಗಪ್ಪನವರ ಎಡಬಲಕ್ಕೆ ವೀರೇಂದ್ರ ಪಾಟೀಲ ಮತ್ತು ಹೆಗಡೆ. ಜನ ಇಟ್ಟ ಹೆಸರು ಲವಕುಶ. 1969ರಲ್ಲಿ ಕಾಂಗ್ರೆಸ್ ಹೋಳಾದಾಗ ಲವಕುಶರು ನಿಜಲಿಂಗಪ್ಪನವರ ಜೊತೆಗೇ ಉಳಿದರು. ಇಂದಿರಾ ಅಲೆ ಎದ್ದಿತು. ಅಧಿಕಾರ ಹೋಯಿತು. ದೇವರಾಜ ಅರಸು ಬಂದರು. ಹೆಗಡೆ ವಿರೋಧ ಪಕ್ಷದ ಬೆಂಚಿಗೆ ಹೋದರು.

ಪ್ರಾಣಕ್ಕೂ ಅರ್ಜಿ ಇಲ್ಲ

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ. ಇದನ್ನು ನೋಡದ ಪೀಳಿಗೆಗೆ ಒಂದು ಮಾತು ಬಿಡಿಸಿ ಹೇಳಬೇಕು. ಪತ್ರಿಕೆಗೆ ಸೆನ್ಸಾರ್ ಬಂತು, ಸಭೆ ಬಂದಾಯಿತು ಎಂಬುದೆಲ್ಲ ಹೊರಗಿನ ಕತೆ. ಒಳಗಿನ ಕತೆ ಜೂನ್ 27ರ ಒಂದು ಆಜ್ಞೆಯಲ್ಲಿದೆ. ಸಂವಿಧಾನದ 21ನೇ ವಿಧಿ, ಅಂದರೆ ಜೀವ ಮತ್ತು ಸ್ವಾತಂತ್ರ್ಯದ ಹಕ್ಕು, ಅದಕ್ಕಾಗಿ ಯಾರೂ ಕೋರ್ಟಿಗೆ ಹೋಗುವಂತಿಲ್ಲ ಎಂದಿತು ಆ ಆಜ್ಞೆ. ಮೀಸಾ ಕಾನೂನಿನಲ್ಲಿ ಹಿಡಿದವನಿಗೆ ಯಾಕೆ ಹಿಡಿದರು ಎಂದು ಹೇಳಬೇಕಾಗಿಯೂ ಇಲ್ಲ. ನಿಮ್ಮ ಮಗ ಸಂತೆಗೆ ಹೋದವನು ಮನೆಗೆ ಬರಲಿಲ್ಲ ಎಂದಿಟ್ಟುಕೊಳ್ಳಿ. ಎಲ್ಲಿದ್ದಾನೆ, ಏನು ತಪ್ಪು ಮಾಡಿದ ಎಂದು ಕೇಳಲು ಬಾಗಿಲೇ ಇಲ್ಲ. ಶಾ ಆಯೋಗದ ಲೆಕ್ಕದಂತೆ ಆ ಅವಧಿಯಲ್ಲಿ ವಿಚಾರಣೆ ಇಲ್ಲದೆ ಒಳಗೆ ಹೋದವರು 1 ಲಕ್ಷ 10 ಸಾವಿರಕ್ಕೂ ಹೆಚ್ಚು.

ಅವರಲ್ಲಿ ರಾಮಕೃಷ್ಣ ಹೆಗಡೆಯೂ ಒಬ್ಬರು. ಬ್ರಿಟಿಷರ ಜೈಲು ಕಂಡ ಹುಡುಗ ಐವತ್ತರ ಹತ್ತಿರ ಬಂದು ಸ್ವತಂತ್ರ ದೇಶದ ಜೈಲನ್ನೂ ಕಂಡರು. ಅದೂ ತಾವು ಹದಿಹರೆಯದಿಂದ ದುಡಿದ ಪಕ್ಷದವರೇ ಕೂತ ಸರಕಾರದಿಂದ.

ಬೆಂಗಳೂರಿನಲ್ಲಿ ಆಗ ಇನ್ನೊಂದು ಪ್ರಸಂಗ. ಸಂಸದೀಯ ಸಮಿತಿ ಸಭೆಗೆಂದು ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಎಸ್.ಎನ್. ಮಿಶ್ರಾ ನಾಲ್ವರನ್ನೂ ಅಲ್ಲೇ ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದರು. ಅವರು ಕರ್ನಾಟಕ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ದೇಶದ ಒಂಬತ್ತು ಹೈಕೋರ್ಟುಗಳು ಇಂಥ ಅರ್ಜಿ ಕೇಳಬಹುದು ಎಂದವು. ಸರಕಾರ ಮೇಲೆ ಹೋಯಿತು. 1976ರ ಏಪ್ರಿಲ್ 28ಕ್ಕೆ ಸುಪ್ರೀಂ ಕೋರ್ಟಿನ ಐದು ನ್ಯಾಯಾಧೀಶರಲ್ಲಿ ನಾಲ್ವರು ಸರಕಾರದ ಕಡೆ ತೀರ್ಪು ಕೊಟ್ಟರು. ಆ ವಿಚಾರಣೆಯಲ್ಲಿ ಪೊಲೀಸನೊಬ್ಬ ದ್ವೇಷದಿಂದ ಒಬ್ಬನ ಜೀವ ತೆಗೆದರೂ ಕೋರ್ಟಿಗೆ ಬರುವಂತಿಲ್ಲವೇ ಎಂದು ಕೇಳಿದ್ದಕ್ಕೆ, ಆಜ್ಞೆ ಇರುವ ತನಕ ಬರುವಂತಿಲ್ಲ ಎಂಬ ಅರ್ಥದ ಉತ್ತರ ಸರಕಾರದ ವಕೀಲರಿಂದಲೇ ಬಂದಿತ್ತು. ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ. 1977ರ ಜನವರಿಯಲ್ಲಿ ಅವರನ್ನು ದಾಟಿಸಿ ಕಿರಿಯರಿಗೆ ಮುಖ್ಯ ನ್ಯಾಯಮೂರ್ತಿ ಪಟ್ಟ ಕೊಟ್ಟರು. ಅವರು ಕೆಲಸ ಬಿಟ್ಟು ಹೋದರು.

ಅದೇ ಜನವರಿಯಲ್ಲಿ ಬೆಂಗಳೂರಿನ ಜೈಲಿನಿಂದ ನಟಿ ಸ್ನೇಹಲತಾ ರೆಡ್ಡಿಯನ್ನು ಬಿಟ್ಟರು. ಆಕೆಗೆ ಅಸ್ತಮಾ. ಜೈಲಿನಲ್ಲಿ ಎಂಟು ತಿಂಗಳು. 15ಕ್ಕೆ ಬಿಟ್ಟರು, 20ಕ್ಕೆ ಸತ್ತರು. 'ಸಂಸ್ಕಾರ' ಸಿನಿಮಾ ನೋಡಿದವರಿಗೆ ಮುಖ ನೆನಪಿರುತ್ತದೆ.

ಹಾಗಾದರೆ ಊರ ಜನ ಏನು ಮಾಡುತ್ತಿದ್ದರು? ಇಲ್ಲಿ ಸ್ವಲ್ಪ ನಿಲ್ಲಬೇಕು. ಅಂಗಡಿ ಮುಂದೆ ದರಪಟ್ಟಿ ತೂಗಿತು, ಕಚೇರಿ ಹೊತ್ತಿಗೆ ಸರಿಯಾಗಿ ತೆರೆಯಿತು, ರೈಲು ಟೈಮಿಗೆ ಬಂತು ಎಂದು ಹೊಗಳಿದವರು ಬಹಳ ಮಂದಿ. ಅದಕ್ಕಿಂತ ದೊಡ್ಡ ಕಾರಣವೊಂದು ಈ ಜಿಲ್ಲೆಯಲ್ಲಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಅರಸು ಸರಕಾರದ ಭೂಸುಧಾರಣೆ. ಗೇಣಿದಾರ 7ನೇ ನಂಬರ್ ಫಾರಂ ತುಂಬಿ ಟ್ರಿಬ್ಯುನಲ್ ಮುಂದೆ ನಿಂತರೆ ಉಳುವ ಭೂಮಿ ಅವನದೇ. ಅಜ್ಜನ ಕಾಲದಿಂದ ಒಡೆಯನ ಮನೆಗೆ ಗೇಣಿ ಅಳೆದವನಿಗೆ ಅದೇ ಮೊದಲ ಸಲ ತನ್ನ ಹೆಸರಿನ ಕಾಗದ ಕೈಗೆ ಬಂತು. ಅಂಥವನಿಗೆ ದಿಲ್ಲಿಯಲ್ಲಿ ಹಕ್ಕು ಹೋಗಿದೆ ಎಂದರೆ, ತನಗೆ ಇಲ್ಲಿ ಹಕ್ಕು ಬಂದಿದೆಯಲ್ಲ ಎಂದು ಅನಿಸಿದ್ದರೆ ತಪ್ಪು ಹೇಳಲಾಗದು. ಜೈಲಿಗೆ ಹೋದ ಹೆಗಡೆಯವರದು ತೋಟಸ್ಥರ, ಭೂಮಿ ಇದ್ದವರ ಮನೆತನ ಎಂಬುದನ್ನೂ ಜನ ಮರೆತಿರಲಿಲ್ಲ.

ಆದ್ದರಿಂದಲೇ 1977ರ ಮಾರ್ಚ್ ಚುನಾವಣೆಯಲ್ಲಿ ಉತ್ತರದಲ್ಲೆಲ್ಲ ಇಂದಿರಾ ಪಕ್ಷ ಮಕಾಡೆ ಮಲಗಿದರೆ ಕರ್ನಾಟಕದ 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೇ. ಜನತಾ ಪಕ್ಷಕ್ಕೆ ಎರಡೇ ಎರಡು. ಮರುವರ್ಷ ಚಿಕ್ಕಮಗಳೂರಿನಲ್ಲಿ ಇಂದಿರಾ ಎದುರು ನಿಂತು ಸೋತವರು ಯಾರು? ಲವಕುಶರಲ್ಲಿ ಇನ್ನೊಬ್ಬರಾದ ವೀರೇಂದ್ರ ಪಾಟೀಲ!

ಜನ ಕೈ ಬಿಟ್ಟರೂ ಹೆಗಡೆಯವರು ವಿಷಯ ಬಿಡಲಿಲ್ಲ. ರಾಜ್ಯ ಜನತಾ ಪಕ್ಷದ ಪ್ರಧಾನ ಕಾರ್ಯದರ್ಶಿ ಆಗಿ ಊರೂರು ತಿರುಗಿದರು. 1978ರಲ್ಲಿ ರಾಜ್ಯಸಭೆಗೆ ಹೋದರು. ಅದೇ ವರ್ಷ ಸಂಸತ್ತು 44ನೇ ತಿದ್ದುಪಡಿ ಮಾಡಿತು. ಇನ್ನು ಮೇಲೆ ತುರ್ತು ಪರಿಸ್ಥಿತಿ ಬಂದರೂ 21ನೇ ವಿಧಿಯನ್ನು ಮುಟ್ಟುವಂತಿಲ್ಲ. ಒಂದು ಬಾಗಿಲು ಮುಚ್ಚಿತು. ಸಣ್ಣ ಕಿಟಕಿಗಳು ಉಳಿದುಕೊಂಡವು.

ಮುಖ್ಯಮಂತ್ರಿ

1983ರ ಜನವರಿ 10. ಕರ್ನಾಟಕಕ್ಕೆ ಮೊದಲ ಕಾಂಗ್ರೆಸ್ಸೇತರ ಸರಕಾರ. ಜನತಾ ಪಕ್ಷಕ್ಕೆ ಬಹುಮತ ಇರಲಿಲ್ಲ, 95 ಸೀಟು, ಹೊರಗಿನವರ ಬೆಂಬಲ. ಆಶ್ಚರ್ಯ ಎಂದರೆ ಸಿದ್ದಾಪುರದ ಹೆಗಡೆ ಆ ಚುನಾವಣೆಗೆ ನಿಂತೇ ಇರಲಿಲ್ಲ. ಆಮೇಲೆ ಕನಕಪುರದಿಂದ ಗೆದ್ದು ಬಂದರು. 1984ರ ಕೊನೆಗೆ ಲೋಕಸಭೆಯಲ್ಲಿ ಪಕ್ಷಕ್ಕೆ ನಾಲ್ಕೇ ಸೀಟು ಬಂದಾಗ ಜನರ ವಿಶ್ವಾಸ ಹೋಯಿತೆಂದು ತಾವಾಗಿ ವಿಧಾನಸಭೆ ಚುನಾವಣೆಗೆ ಹೋದರು. 1985ರ ಮಾರ್ಚಿನಲ್ಲಿ 139 ಸೀಟು ತಂದರು. ಮೂರು ತಿಂಗಳ ಅಂತರದಲ್ಲಿ ಅದೇ ಮತದಾರ ದಿಲ್ಲಿಗೆ ಒಂದು, ಬೆಂಗಳೂರಿಗೆ ಒಂದು ಓಟು ಹಾಕಿದ.

ಒಳ್ಳೆಯ ಕೆಲಸ ಆಗಿದೆ, ಅದನ್ನು ಹೇಳದಿದ್ದರೆ ಅನ್ಯಾಯ. 1984ರ ಲೋಕಾಯುಕ್ತ ಕಾನೂನು. ಕಚೇರಿಯಲ್ಲಿ ಕಾಗದ ತಡೆದು ಕೈ ಚಾಚುವವನ ಮೇಲೆ ಸಾಮಾನ್ಯ ಮನುಷ್ಯ ದೂರು ಬರೆದುಕೊಡಲು ಒಂದು ಜಾಗ. ನಜೀರ್ ಸಾಬರ ಜೊತೆ ಸೇರಿ ತಂದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ. 1987ರ ಜನವರಿಯ ಚುನಾವಣೆಯಲ್ಲಿ ಹೆಂಗಸರಿಗೆ ಶೇಕಡಾ 25 ಜಾಗ ಮೀಸಲು. ಮಾವಿನಗುಂಡಿಯಲ್ಲಿ ಪರರ ಅಂಗಳದಲ್ಲಿ ಕೂತವರ ಮೊಮ್ಮಕ್ಕಳ ಪ್ರಾಯದವರು ಪಂಚಾಯಿತಿ ಕುರ್ಚಿಯಲ್ಲಿ ಕೂತರು.

ಬಿಳಿ ಬಟ್ಟೆ, ಟ್ರಿಮ್ ಮಾಡಿದ ಗಡ್ಡ, ಮೆತ್ತಗಿನ ಮಾತು, ಇಂಗ್ಲಿಷು ಹಿಂದಿ ಎರಡರಲ್ಲೂ ಹಿಡಿತ. ದಿಲ್ಲಿ ಪತ್ರಿಕೆಗಳು ಪ್ರಧಾನಿ ಆಗುವ ಮನುಷ್ಯ ಎಂದು ಬರೆಯತೊಡಗಿದವು. ಮೌಲ್ಯಾಧಾರಿತ ರಾಜಕಾರಣ ಎಂಬ ಮಾತು ಅವರ ಹೆಸರಿಗೆ ಅಂಟಿಕೊಂಡಿತು. ಇಂಥ ಮಾತು ಅಂಟಿಕೊಂಡರೆ ತೊಂದರೆಯೇ. ಬೇರೆಯವರಿಗೆ ತಪ್ಪಿದರೆ ತಪ್ಪು, ಇವರಿಗೆ ತಪ್ಪಿದರೆ ಮೋಸ.

ಲೈನಿನಲ್ಲಿ ಮೂರನೆಯವ

ಆಗಿನ ಫೋನು ಹೇಗಿತ್ತು ಎಂದು ಶಿರಸಿ ಪೇಟೆಯ ಹಳಬರಿಗೆ ಹೇಳಬೇಕಾಗಿಲ್ಲ. ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಾದ ಕಾಲ ಇತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಬೇರೆ ಬೇರೆ ದರ. ಅಡಿಕೆ ವಖಾರಿಯವರು ಮಂಗಳೂರು, ಶಿವಮೊಗ್ಗದ ಧಾರಣೆ ಕೇಳುವಾಗ ದನಿ ಇಳಿಸುತ್ತಿದ್ದರು. ಎಕ್ಸ್‌ಚೇಂಜಿನಲ್ಲಿ ಯಾರು ಕೇಳುತ್ತಾರೋ ಯಾರಿಗೆ ಗೊತ್ತು? ಆದರೆ ಅಲ್ಲಿ ಕೇಳಿದರೆ ಹೋಗುವುದು ಕ್ವಿಂಟಲಿಗೆ ನಾಲ್ಕು ಕಾಸು. ಸರಕಾರ ಕೇಳಿದರೆ ಹೋಗುವುದು ಬೇರೆ.

ಫೋನು ಕೇಳಲು ಸರಕಾರಕ್ಕೆ ಅಧಿಕಾರ ಕೊಟ್ಟದ್ದು 1885ರ ಟೆಲಿಗ್ರಾಫ್ ಕಾನೂನು. ಬ್ರಿಟಿಷರದ್ದು! ಸಾರ್ವಜನಿಕ ತುರ್ತು ಸ್ಥಿತಿ ಇರಬೇಕು, ಇಲ್ಲವೇ ಜನರ ಸುರಕ್ಷತೆಯ ಪ್ರಶ್ನೆ ಇರಬೇಕು ಎಂದು ಅದರಲ್ಲೂ ಷರತ್ತಿತ್ತು. 1988ರಲ್ಲಿ ಪಕ್ಷದೊಳಗಿನ ಭಿನ್ನಮತದವನ ಮಾತಿನಲ್ಲಿ, ಪತ್ರಕರ್ತನ ಮಾತಿನಲ್ಲಿ ಯಾವ ಸಾರ್ವಜನಿಕ ಸುರಕ್ಷತೆ ಅಡಗಿತ್ತು? ಇದಕ್ಕೆ ಸರಿಯಾದ ಉತ್ತರ ಕೊಡಲು ಯಾರಿಗೂ ಆಗಲಿಲ್ಲ.

ಹೆಗಡೆಯವರು ಸ್ವತಃ ಹೇಳಿ ಮಾಡಿಸಿದರೋ, ಪೊಲೀಸ್ ಅಧಿಕಾರಿಗಳು ತಾವಾಗಿ ಮಾಡಿದರೋ ಎಂಬ ಜಗಳ ಆಗಲೂ ನಡೆಯಿತು, ಆಮೇಲೂ ನಡೆಯಿತು. ಅವರ ಕಡೆಯವರು ಹೇಳುವುದರಲ್ಲಿ ಹುರುಳಿಲ್ಲ ಎನ್ನಲಾಗದು. ದಿಲ್ಲಿಯಲ್ಲಿ ಕೂತವರಿಗೆ ಹೆಗಡೆ ಬೆಳೆಯುವುದು ಬೇಡವಾಗಿತ್ತು, ಸ್ವಂತ ಪಕ್ಷದಲ್ಲೂ ಕಾಲೆಳೆಯುವವರಿದ್ದರು, ಫೋನು ಕೇಳಿದ ಸರಕಾರ ಇದೊಂದೇ ಅಲ್ಲ. ಎಲ್ಲವೂ ನಿಜ ಇರಬಹುದು. ಆದರೆ ಲಿಲಾವಿನ ಮಾಲು ಹಿಡಿದವನೂ 1932ರಲ್ಲಿ ಇದನ್ನೇ ಹೇಳಬಹುದಿತ್ತು. ಜಪ್ತಿ ಮಾಡಿದ್ದು ತಾನಲ್ಲ, ಸರಕಾರ. ತಾನು ಹಿಡಿಯದಿದ್ದರೆ ಇನ್ನೊಬ್ಬ ಹಿಡಿಯುತ್ತಿದ್ದ. ಮಾವಿನಗುಂಡಿಯ ಹೆಂಗಸರು ಆ ಮಾತನ್ನು ಒಪ್ಪದೆ ಅವನ ಬಾಗಿಲಲ್ಲೇ ಕೂತರು. ಪೊಲೀಸ್ ಇಲಾಖೆ ಮುಖ್ಯಮಂತ್ರಿಯ ಸರಕಾರದ್ದು. ಮಾಡಿದ್ದು ಗೊತ್ತಿದ್ದರೆ ಒಂದು ತಪ್ಪು, ಗೊತ್ತಿಲ್ಲದಿದ್ದರೆ ಇನ್ನೊಂದು.

ನೈತಿಕ ಹೊಣೆ ಹೊತ್ತು ಇಳಿದರು. ಇದು ಅವರ ಪಾಲಿಗೆ ಜಮಾ ಮಾಡಬೇಕಾದ್ದೇ. ಫೋನಿನ ವಿಷಯಕ್ಕೆ ಮುಖ್ಯಮಂತ್ರಿ ಕುರ್ಚಿ ಬಿಟ್ಟವರು ಕರ್ನಾಟಕದಲ್ಲಿ ಅವರ ಹಿಂದೆ ಯಾರೂ ಇರಲಿಲ್ಲ. ಆದರೆ ಕದ್ದು ಕೇಳಿಸಿಕೊಂಡವನಿಗೆ ಇದರಿಂದ ಸಿಕ್ಕಿದ್ದೇನು? ಹೆಂಡತಿ ಮಕ್ಕಳ ಹತ್ತಿರ, ಗೆಳೆಯರ ಹತ್ತಿರ ಆಡಿದ ಮಾತು ಯಾರದೋ ಟೇಪಿನಲ್ಲಿದೆ ಎಂದು ಗೊತ್ತಾದ ಮೇಲೆ ಅವನು ಮುಂದೆ ಫೋನು ಎತ್ತಿದಾಗಲೆಲ್ಲ ಒಂದು ಕ್ಷಣ ತಡೆಯುತ್ತಾನೆ. ತುರ್ತು ಪರಿಸ್ಥಿತಿಯಲ್ಲಿ ಚಹಾದಂಗಡಿಯ ಬೆಂಚಿನ ಮೇಲೆ ಜನ ತಡೆದದ್ದೂ ಹೀಗೇ. ಜೈಲು ಸಾವಿರ ಮಂದಿಗೆ, ಈ ತಡೆಯುವುದು ಎಲ್ಲರಿಗೆ. ಇದು ಹೆಗಡೆಯವರಿಗೆ ಗೊತ್ತಿಲ್ಲದ ವಿಷಯ ಆಗಿರಲಿಲ್ಲ.

ಮುಂದೆ ಬಂದ ಕಾನೂನಿನಲ್ಲಿ ಹೆಗಡೆಯವರ ಹೆಸರಿಲ್ಲ, ಆದರೂ ಆ ಕತೆಗೆ ಸಂಬಂಧವಿದೆ. ತುರ್ತು ಪರಿಸ್ಥಿತಿಯ ನಡುವೆಯೇ, 1976ರಲ್ಲಿ, ಜಯಪ್ರಕಾಶ ನಾರಾಯಣರು ನಾಗರಿಕ ಹಕ್ಕುಗಳಿಗಾಗಿ ಒಂದು ಸಂಘಟನೆ ಕಟ್ಟಿದ್ದರು, ಈಗಿನ ಪಿ.ಯು.ಸಿ.ಎಲ್. ರಾಜಕಾರಣಿಗಳ ಫೋನು ಕೇಳಿದ ಇನ್ನೊಂದು ಗದ್ದಲ ದಿಲ್ಲಿಯಲ್ಲಿ ಎದ್ದಾಗ ಸುಪ್ರೀಂ ಕೋರ್ಟಿಗೆ ಹೋದದ್ದು ಇದೇ ಸಂಘಟನೆ. 1996ರ ಡಿಸೆಂಬರ್ 18ಕ್ಕೆ ತೀರ್ಪು. ಫೋನಿನ ಮಾತು 21ನೇ ವಿಧಿಯೊಳಗೆ ಬರುತ್ತದೆ. ಕೇಳಬೇಕಾದರೆ ಗೃಹ ಕಾರ್ಯದರ್ಶಿ ಮಟ್ಟದ ಆದೇಶ ಬೇಕು. ಎರಡು ತಿಂಗಳಿಗೆ ಅದು ಮುಗಿಯುತ್ತದೆ, ಮುಂದುವರಿಸಿದರೂ ಆರು ತಿಂಗಳು ದಾಟುವಂತಿಲ್ಲ. ಮೇಲೊಂದು ಸಮಿತಿ ಪರಿಶೀಲಿಸಬೇಕು. ಹಿಂದೆ ಇವ್ಯಾವುದೂ ಇರಲಿಲ್ಲ. 2017ರ ಆಗಸ್ಟ್ 24ಕ್ಕೆ ಒಂಬತ್ತು ನ್ಯಾಯಾಧೀಶರು ಸೇರಿ ಖಾಸಗಿತನ ಮೂಲಭೂತ ಹಕ್ಕು ಎಂದರು, 1976ರ ಆ ತೀರ್ಪನ್ನೂ ತಳ್ಳಿಹಾಕಿದರು. ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೀರ್ಪು ಬಂದಾಗ ತೊಂಬತ್ತು ದಾಟಿದ್ದ ಮುದುಕರು.

ಕಡೆಯ ವರ್ಷಗಳು

1988ರ ನಂತರ ಹೆಗಡೆಯವರು ಹದಿನೈದು ವರ್ಷ ಬದುಕಿದರು. ಯೋಜನಾ ಆಯೋಗದ ಉಪಾಧ್ಯಕ್ಷರಾದರು, ಬಿಟ್ಟರು. 1991ರಲ್ಲಿ ಬಾಗಲಕೋಟೆಯಲ್ಲಿ ಲೋಕಸಭೆಗೆ ನಿಂತು ಸೋತರು. ಗೆದ್ದವರು ಜಮಖಂಡಿ ಕಡೆ ರೈತರನ್ನು ಸೇರಿಸಿ ಬ್ಯಾರೇಜು ಕಟ್ಟಿಸಿದ ಸಿದ್ದು ನ್ಯಾಮಗೌಡ. 1996ರಲ್ಲಿ ಜನತಾದಳದಿಂದಲೇ ಹೊರಗೆ ಹಾಕಿದರು. ತಾವೇ ಕಟ್ಟಿದ ಪಕ್ಷದಿಂದ! ಲೋಕಶಕ್ತಿ ಕಟ್ಟಿದರು. 1998ರಲ್ಲಿ ವಾಜಪೇಯಿ ಸಂಪುಟದಲ್ಲಿ ವಾಣಿಜ್ಯ ಮಂತ್ರಿ. ತುರ್ತು ಪರಿಸ್ಥಿತಿಯಲ್ಲಿ ಒಂದೇ ಕಾರಣಕ್ಕೆ ಜೈಲು ಕಂಡ ಇಬ್ಬರು ಒಂದೇ ಸಂಪುಟದಲ್ಲಿ ಕೂತರು. ಜನತಾ ಕಾಲದ ಅವರ ಕೆಲವು ಹಿಂಬಾಲಕರಿಗೆ ಇದು ಹಿಡಿಸಲಿಲ್ಲ ಎಂಬುದು ಬೇರೆ ಮಾತು.

2004ರ ಜನವರಿ 12ಕ್ಕೆ ಬೆಂಗಳೂರಿನಲ್ಲಿ ತೀರಿಕೊಂಡರು. 77 ವರ್ಷ. ಮೊದಲ ಸಲ ಮುಖ್ಯಮಂತ್ರಿಯಾಗಿ ಪ್ರಮಾಣ ಮಾಡಿ ಇಪ್ಪತ್ತೊಂದು ವರ್ಷ ತುಂಬಿ ಎರಡು ದಿನ ಆಗಿತ್ತು.

ಸಿದ್ದಾಪುರದ ಕಡೆ ಹೆಗಡೇರ ಮಾತು ಬಂದರೆ ಒಬ್ಬ ಲೋಕಾಯುಕ್ತ ತಂದದ್ದನ್ನು ಹೇಳುತ್ತಾನೆ, ಇನ್ನೊಬ್ಬ ಮಂಡಲ ಪಂಚಾಯಿತಿ ನೆನೆಯುತ್ತಾನೆ. ಫೋನಿನ ವಿಷಯ ಎತ್ತಿದವನಿಗೆ, ಅದಕ್ಕೇ ರಾಜೀನಾಮೆ ಕೊಟ್ಟರಲ್ಲ ಮಾರಾಯ ಎನ್ನುವ ಉತ್ತರ ತಯಾರಿರುತ್ತದೆ. ಅಷ್ಟರಲ್ಲಿ ಬಸ್ಸು ಬಂದಿರುತ್ತದೆ.